ಮುಖವಾಡದ ಸವಾರ ಮತ್ತು ರೊಸ್ಸೀನಿಯ ಕೊನೆಯ ಒಪೆರಾ

ಮರದ ತೊಟ್ಟಿಯೊಂದರಲ್ಲಿ ಜಲ್ಲಿ ಹರಡಿರುತ್ತಿತ್ತು. ಅದರ ಮುಂದೆ ನಿಂತವರು, ಕಟ್ಟಿಕೊಂಡ ಬಚ್ಚಲ ಕೊಳವೆಯನ್ನು ಬಿಡಿಸಲು ಬಳಸುವ ರಬ್ಬರ್ ಬಟ್ಟಲಿನ ಕೋಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಜಲ್ಲಿಯ ಮೇಲೆ ಲಯ ತಪ್ಪದಂತೆ ಕುಟ್ಟುತ್ತಿದ್ದರು. ರೇಡಿಯೊ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಅದು ಬಿಳಿ ಕುದುರೆಯೊಂದರ ನಾಗಾಲೋಟವಾಗಿ ಕೇಳುತ್ತಿತ್ತು. ಅಮೆರಿಕದ ಡೆಟ್ರಾಯ್ಟ್ ನಗರದ ಡಬ್ಲ್ಯೂಎಕ್ಸ್‌ವೈಝಡ್ ರೇಡಿಯೊ ಕೇಂದ್ರವು 1933ರ ಜನವರಿ ಕೊನೆಯಲ್ಲಿ ಆರಂಭಿಸಿದ ‘ದ ಲೋನ್ ರೇಂಜರ್’ ಎಂಬ ನಾಟಕಮಾಲೆಯ ಕುದುರೆ ಅದು; ಹೆಸರು ಸಿಲ್ವರ್. ಅದರ ಮೇಲಿದ್ದವನು ಟೆಕ್ಸಾಸ್ ರೇಂಜರ್ ಪಡೆಯ ಒಬ್ಬ ಸವಾರ. ದರೋಡೆಕೋರರ ಹೊಂಚಿಗೆ ಸಿಕ್ಕಿ ಜೊತೆಗಾರರೆಲ್ಲ ಸತ್ತಾಗ ಬದುಕುಳಿದವನು ಅವನೊಬ್ಬನೇ. ಸತ್ತ ಅಣ್ಣನ ತೋಳಿಲ್ಲದ ಒಳಕೋಟಿನ ಬಟ್ಟೆಯಿಂದಲೇ ಮುಖವಾಡ ಕತ್ತರಿಸಿಕೊಂಡು, ಬೆಳ್ಳಿಯ ಗುಂಡು ತುಂಬಿದ ಪಿಸ್ತೂಲು ಹಿಡಿದು, ಯಾರನ್ನೂ ಕೊಲ್ಲಲೆಂದು ಗುಂಡು ಹಾರಿಸದ ವ್ರತ ತೊಟ್ಟು, ಅನ್ಯಾಯ ಕಂಡಲ್ಲಿಗೆ ಬಂದು ಕೆಲಸ ಮುಗಿಸಿ, ಹೆಸರು ಹೇಳದೆ ಹೊರಟುಹೋಗುವವನು.

ಜಲ್ಲಿಯ ಮೇಲಿನ ಆ ಸದ್ದಿನ ಜೊತೆಗೆ ಕಾರ್ಯಕ್ರಮದ ಆರಂಭದಲ್ಲೂ ಕೊನೆಯಲ್ಲೂ ಒಂದು ಸಂಗೀತ ಮೊಳಗುತ್ತಿತ್ತು. ಇಟಲಿಯ ಜೊವಾಕ್ಕೀನೊ ರೊಸ್ಸೀನಿ 1829ರಲ್ಲಿ ಪ್ಯಾರಿಸ್ಸಿನ ರಂಗಮಂದಿರಕ್ಕಾಗಿ ಬರೆದ ‘ಗಿಯೋಮ್ ಟೆಲ್’ ಎಂಬ ಒಪೆರಾದ (ಹಾಡುತ್ತಲೇ ಆಡುವ ಸಂಗೀತ ನಾಟಕದ) ಓವರ್ಚರ್, ಅಂದರೆ ಪರದೆ ಮೇಲೇಳುವ ಮೊದಲು ವಾದ್ಯವೃಂದ ನುಡಿಸುವ ಪೀಠಿಕೆ, ಅದರ ಕೊನೆಯ ಭಾಗ. ಇಂಗ್ಲಿಷಿನಲ್ಲಿ ಇದನ್ನು ವಿಲಿಯಮ್ ಟೆಲ್ ಓವರ್ಚರ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಜನ ಪರರ ಆಳ್ವಿಕೆಯ ವಿರುದ್ಧ ಎದ್ದ ಕಥೆಗೆಂದು ಬರೆದ ಈ ಸಂಗೀತ ನೂರು ವರ್ಷ ದಾಟಿದ ಮೇಲೆ ಟೆಕ್ಸಾಸಿನ ಬಯಲಿನ ಸವಾರನೊಬ್ಬನಿಗೆ ಅಂಟಿಕೊಂಡಿತು, ಮತ್ತು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಲೋನ್ ರೇಂಜರನ್ನು ನೆನೆಯದೆ ಈ ಓವರ್ಚರನ್ನು ಕೇಳಬಲ್ಲವನೇ ನಿಜವಾದ ಬುದ್ಧಿಜೀವಿ ಎಂಬ ಮಾತು ಅಮೆರಿಕದಲ್ಲಿ ಹಳೆಯ ಗಾದೆಯಂತೆ ಬಳಕೆಯಲ್ಲಿದೆ. ಈ ಬಂಧ ಹೇಗೆ ಬೆಳೆಯಿತು, ಅದರಿಂದ ಸಂಗೀತಕ್ಕೆ ದಕ್ಕಿದ್ದೇನು, ಕಳೆದದ್ದೇನು ಎಂಬುದನ್ನು ಕುರಿತು ನಾನು ಬಹಳ ಕಾಲದಿಂದ ಯೋಚಿಸುತ್ತ ಬಂದಿದ್ದೇನೆ.

ಮೊದಲಿಗೆ ಇದು ಹಣದ ಲೆಕ್ಕಾಚಾರದಿಂದ ಹುಟ್ಟಿದ ಬಂಧ. ಕೇಂದ್ರದ ಒಡೆಯರಲ್ಲಿ ಒಬ್ಬರಾದ ಜಾರ್ಜ್ ಟ್ರೆಂಡಲ್ ಖರ್ಚಿನ ವಿಷಯದಲ್ಲಿ ಬಲು ಬಿಗಿಯಾದ ಮನುಷ್ಯ. ಆಗ ಮಹಾ ಆರ್ಥಿಕ ಕುಸಿತದ ಕಾಲ. ಡಬ್ಲ್ಯೂಎಕ್ಸ್‌ವೈಝಡ್ ಕೇಂದ್ರ ರಾಷ್ಟ್ರೀಯ ಜಾಲದಿಂದ ಆಗಷ್ಟೇ ಹೊರಬಂದಿತ್ತು, ಹಾಗಾಗಿ ತನ್ನ ಕಾರ್ಯಕ್ರಮಗಳನ್ನು ತಾನೇ ತಯಾರಿಸಿಕೊಳ್ಳಬೇಕಾಗಿತ್ತು. ಕಥೆಗಳನ್ನು ಬಫಲೊ ನಗರದಲ್ಲಿದ್ದ ಫ್ರಾನ್ ಸ್ಟ್ರೈಕರ್ ಎಂಬ ಲೇಖಕರು ಬರೆದು ಕಳಿಸುತ್ತಿದ್ದರು. ಸಂಗೀತಕ್ಕೆ ಹೊಸಬರಿಂದ ಏನನ್ನಾದರೂ ಬರೆಸಿದರೆ ಸಂಭಾವನೆ, ಜನಪ್ರಿಯ ಹಾಡನ್ನು ಬಳಸಿದರೆ ರಾಯಧನ. ಸತ್ತು ಅರುವತ್ತು ವರ್ಷ ದಾಟಿದ್ದ ರೊಸ್ಸೀನಿಗೆ ಕೊಡಬೇಕಾದದ್ದು ಏನೂ ಇರಲಿಲ್ಲ. ದೃಶ್ಯಗಳ ನಡುವೆ ಬರುವ ತುಣುಕುಗಳಿಗೂ ಇದೇ ದಾರಿ. ಫ್ರಾನ್ಸ್ ಲಿಸ್ಟ್ ಬರೆದ ‘ಲೆ ಪ್ರೆಲ್ಯೂಡ್’ ಕೃತಿಯ ಭಾಗಗಳು ಇದೇ ಮಾಲೆಯಲ್ಲಿ ಕುದುರೆಗಳ ಬೆನ್ನಟ್ಟುವಿಕೆಗೂ ಹೊಂಚಿಗೂ ಒದಗಿಬಂದವು.

ಆ ಕೇಂದ್ರಕ್ಕೆ ಇದು ಅಭ್ಯಾಸವೇ ಆಗಿಹೋಯಿತು ಎನ್ನಬೇಕು. 1936ರಲ್ಲಿ ಅಲ್ಲಿಂದಲೇ ಹೊರಟ ‘ದ ಗ್ರೀನ್ ಹಾರ್ನೆಟ್’ ಮಾಲೆಗೆ ರಷ್ಯದ ರಿಮ್ಸ್ಕಿ-ಕೊರ್ಸಕೊವ್ ಬರೆದ ದುಂಬಿಯ ಹಾರಾಟದ ಸಂಗೀತವನ್ನು ಆರಿಸಿಕೊಂಡರು; ಆ ಮಾಲೆಯ ನಾಯಕ ಲೋನ್ ರೇಂಜರನ ವಂಶದವನೇ ಎಂದು ಕಥೆ. ಕೆನಡಾದ ಹಿಮಪ್ರದೇಶದ ಪೊಲೀಸ್ ಸಾರ್ಜೆಂಟನ ಕಥೆಗೆ ರೆಝ್ನಿಚೆಕ್ ಬರೆದ ‘ಡೊನ್ನಾ ಡಯಾನಾ’ ಒಪೆರಾದ ಓವರ್ಚರ್ ಬಂತು. ಈ ಡೊನ್ನಾ ಡಯಾನಾ ಒಪೆರಾವನ್ನು ಇಂದು ರಂಗದ ಮೇಲೆ ಕಾಣುವುದೇ ಅಪರೂಪ, ಆದರೆ ಅದರ ಓವರ್ಚರ್ ಕೇಳಿದೊಡನೆ ಒಂದು ತಲೆಮಾರಿನ ಅಮೆರಿಕನ್ನರಿಗೆ ಹಿಮದ ಮೇಲೆ ಓಡುವ ನಾಯಿಬಂಡಿ ನೆನಪಾಗುತ್ತಿತ್ತು. ಸಂಗೀತಶಾಲೆಯ ಮೆಟ್ಟಿಲು ಹತ್ತದ ಲಕ್ಷಾಂತರ ಮಕ್ಕಳಿಗೆ ಐರೋಪ್ಯ ಶಾಸ್ತ್ರೀಯ ಸಂಗೀತದ ಮೊದಲ ಪಾಠವನ್ನು ಒಂದು ಬಾನುಲಿ ಕೇಂದ್ರದ ಮಿತವ್ಯಯ ಕಲಿಸಿತು ಎಂಬುದು ನನಗೆ ಈಗಲೂ ಬೆರಗಿನ ಸಂಗತಿ.

ಆದರೆ ಅಗ್ಗವೆಂಬುದಷ್ಟೇ ಕಾರಣವಾಗಿದ್ದರೆ ಈ ಬಂಧ ತೊಂಬತ್ತು ವರ್ಷ ಬಾಳುತ್ತಿರಲಿಲ್ಲ. ಸಂಗೀತದ ಒಳಗೇ ಕುದುರೆಯಿದೆ. ತುತ್ತೂರಿಗಳು ಒಮ್ಮೆಲೇ ಕರೆ ಕೊಟ್ಟು, ಕೊಂಬುವಾದ್ಯಗಳು ಅದಕ್ಕೆ ಜೊತೆಗೂಡಿ ನಿಂತ ಮೇಲೆ ಪಿಟೀಲುಗಳು ಬಲು ಮೆಲ್ಲಗೆ ಓಟ ಆರಂಭಿಸುತ್ತವೆ. ಆ ಓಟದ ಲಯ ಎರಡು ಹ್ರಸ್ವ, ಒಂದು ದೀರ್ಘ. ನಮ್ಮ ಛಂದಸ್ಸಿನಲ್ಲಿ ಹೇಳುವುದಾದರೆ ಲಘು, ಲಘು, ಗುರು, ಅಂದರೆ ಸ-ಗಣ. ಸಾಲಿಗೆ ನಾಲ್ಕು ಸ-ಗಣಗಳು ಬಂದರೆ ಅದು ತೋಟಕ ವೃತ್ತವಾಗುತ್ತದೆ. ಆ ವೃತ್ತದ ಶ್ಲೋಕವನ್ನು ಗಟ್ಟಿಯಾಗಿ ಹೇಳಿ ನೋಡಿದವರಿಗೆ ಅದು ನಡಿಗೆಯಲ್ಲಿ ನಿಲ್ಲದೆ ತಾನಾಗಿಯೇ ಓಟಕ್ಕೆ ತಿರುಗುವುದು ಗೊತ್ತಿರುತ್ತದೆ. ರೊಸ್ಸೀನಿ ಮಾಡುವುದೂ ಅದನ್ನೇ: ಸ-ಗಣ, ಸ-ಗಣ, ಸ-ಗಣ ಎಂದು ಓಡಿಸಿ, ಸಾಲಿನ ಕೊನೆಗೆ ಎರಡು ಗುರುಗಳ ಮೇಲೆ ಕಾಲೂರಿ, ಮತ್ತೆ ಓಡಿಸುತ್ತಾನೆ. ಹ್ರಸ್ವಗಳೆರಡೂ ಮುಂದಿನ ದೀರ್ಘದ ಮೇಲೆ ಹೋಗಿ ಬೀಳುವಂತಿರುವುದರಿಂದ ಕೇಳುವವನ ಮೈ ಪ್ರತಿ ಸಲವೂ ಒಂದಿಷ್ಟು ಮುಂದಕ್ಕೆ ಬಾಗುತ್ತದೆ. ಅದರ ಮೇಲೆ ರೊಸ್ಸೀನಿಯ ಹೆಸರಿನೊಂದಿಗೇ ತಳುಕು ಹಾಕಿಕೊಂಡ ವಿದ್ಯೆಯೊಂದಿದೆ. ಅದೇ ಮಟ್ಟನ್ನು ತಿರುತಿರುಗಿ ನುಡಿಸುತ್ತ, ಪ್ರತಿ ಸುತ್ತಿಗೂ ಕೆಲವು ವಾದ್ಯ ಸೇರಿಸುತ್ತ, ಪಿಸುಮಾತಿನಿಂದ ಗರ್ಜನೆಯವರೆಗೆ ಏರಿಸುವ ಕ್ರಮ ಅದು. ದೂರದ ದಿಗಂತದಲ್ಲಿ ಚುಕ್ಕೆಯಂತೆ ಕಂಡ ಕುದುರೆ ನಮ್ಮ ಮುಂದೆಯೇ ಧೂಳೆಬ್ಬಿಸಿ ಹಾದುಹೋಗುವಂತೆ ಭಾಸವಾಗುವುದು ಈ ಏರಿಕೆಯಿಂದ.

ಇದು ರೇಡಿಯೊದಲ್ಲಿ ನಡೆದದ್ದೆಂಬುದನ್ನು ಮರೆಯಬಾರದು. ಕೇಳುಗನಿಗೆ ಮುಖವಾಡವೂ ಕಾಣುತ್ತಿರಲಿಲ್ಲ, ಬಿಳಿ ಕುದುರೆಯೂ ಕಾಣುತ್ತಿರಲಿಲ್ಲ. ಅವನಿಗಿದ್ದದ್ದು ಈ ಸಂಗೀತ, ಜಲ್ಲಿಯ ಸದ್ದು, ಒಂದೆರಡು ಗುಂಡಿನ ಶಬ್ದ, ‘ಹಾಯ್-ಯೋ ಸಿಲ್ವರ್’ ಎಂಬ ಕೂಗು ಮತ್ತು ಹಳೆಯ ರೋಮಾಂಚಕ ದಿನಗಳಿಗೆ ಮರಳಿ ಬನ್ನಿರೆಂದು ಕರೆಯುವ ನಿರೂಪಕನ ದನಿ. ವೇಷಭೂಷಣ ಮಾಡಬೇಕಾದ ಕೆಲಸವನ್ನು ರೊಸ್ಸೀನಿಯ ತುತ್ತೂರಿ ಮಾಡಿತು. ಪಾತ್ರಧಾರಿಗಳು ಬದಲಾದರೂ ನಾಯಕ ಬದಲಾಗಲಿಲ್ಲ ಎಂಬುದಕ್ಕೂ ಇದೇ ಕಾರಣವಿರಬೇಕು. 1941ರ ಏಪ್ರಿಲ್‌ನಲ್ಲಿ, ಆವರೆಗೆ ಲೋನ್ ರೇಂಜರನಿಗೆ ದನಿ ಕೊಡುತ್ತಿದ್ದ ಅರ್ಲ್ ಗ್ರೇಸರ್ ಕಾರು ಅಪಘಾತದಲ್ಲಿ ತೀರಿಕೊಂಡರು. ಕಾರ್ಯಕ್ರಮ ನಿಲ್ಲಿಸುವಂತಿರಲಿಲ್ಲ. ನಾಯಕನಿಗೆ ತೀವ್ರ ಗಾಯವಾಗಿದೆ, ಪಿಸುಗುಟ್ಟುವುದಷ್ಟೇ ಅವನಿಂದ ಸಾಧ್ಯ ಎಂದು ಕಥೆಯನ್ನೇ ತಿರುಗಿಸಿದರು. ಕೆಲವು ಕಂತುಗಳ ನಂತರ ಅವನು ಮತ್ತೆ ಬಾಯ್ತುಂಬ ಮಾತಾಡಿದಾಗ ಅದು ಬ್ರೇಸ್ ಬೀಮರ್ ಅವರ ಗಂಭೀರ ಕಂಠವಾಗಿತ್ತು. ಕಂಠ ಹೋಗಿ ಕಂಠ ಬಂದ ಆ ದಿನಗಳಲ್ಲಿ ಕಿಂಚಿತ್ತೂ ಬದಲಾಗದೆ ಉಳಿದದ್ದು ಓವರ್ಚರ್. ಬೀಮರ್ 1954ರಲ್ಲಿ ರೇಡಿಯೊ ಮಾಲೆ ಮುಗಿಯುವವರೆಗೂ ಆ ಪಾತ್ರ ನಿರ್ವಹಿಸಿದರು. (ಬಾನುಲಿ ಒಂದು ಮಟ್ಟನ್ನು ಜನರ ನೆನಪಿನಲ್ಲಿ ನೆಡುವ ಬಗೆ ನಮಗೂ ಗೊತ್ತಿರುವಂಥದ್ದೇ. ಆಕಾಶವಾಣಿಯ ಬೆಳಗಿನ ಗುರುತಿನ ಸಂಗೀತವನ್ನು ಬಲ್ಲ ಕೋಟ್ಯಂತರ ಜನರಲ್ಲಿ ಅದನ್ನು ರಚಿಸಿದ ವಾಲ್ಟರ್ ಕೌಫ್‌ಮನ್ ಅವರ ಹೆಸರು ಕೇಳಿದವರು ವಿರಳ.)

1949ರಲ್ಲಿ ಸವಾರ ಟೆಲಿವಿಷನ್ನಿಗೆ ಬಂದ. ಕ್ಲೇಟನ್ ಮೂರ್ ಮುಖವಾಡ ತೊಟ್ಟರು, ಅವನ ಸಂಗಾತಿ ಟೊಂಟೊನಾಗಿ ಜೇ ಸಿಲ್ವರ್‌ಹೀಲ್ಸ್ ಅಭಿನಯಿಸಿದರು. ಸಂಗೀತ ಅದೇ. 1957ರವರೆಗೆ ನಡೆದ ಈ ಮಾಲೆ, ಮಟ್ಟಿಗೂ ಚಿತ್ರಕ್ಕೂ ಬಿದ್ದ ಗಂಟನ್ನು ಬಿಚ್ಚಲಾಗದಂತೆ ಬಿಗಿದಿತು.

ಲೋನ್ ರೇಂಜರನ ಹೊರತಾಗಿಯೂ ಈ ಸಂಗೀತ ಅಮೆರಿಕದಲ್ಲಿ ಅಪರಿಚಿತವಾಗಿರಲಿಲ್ಲ. ಊರೂರಿನ ಬ್ಯಾಂಡುಗಳ ಮೆಚ್ಚಿನ ಕೃತಿ ಅದು. 1935ರಲ್ಲಿ ಡಿಸ್ನಿ ಸಂಸ್ಥೆ ತೆಗೆದ ‘ದ ಬ್ಯಾಂಡ್ ಕನ್ಸರ್ಟ್’ ಎಂಬ ಕಿರುಚಿತ್ರದಲ್ಲಿ ಮಿಕ್ಕಿ ಮೌಸ್ ಉದ್ಯಾನದಲ್ಲಿ ನಿಂತು ನಿರ್ದೇಶಿಸುವುದು ಇದೇ ಓವರ್ಚರನ್ನು. ಬಿರುಗಾಳಿಯ ಭಾಗಕ್ಕೆ ಬರುವಷ್ಟರಲ್ಲಿ ನಿಜವಾದ ಸುಂಟರಗಾಳಿಯೇ ಬಂದು ಬ್ಯಾಂಡನ್ನೆಲ್ಲ ಆಕಾಶಕ್ಕೆ ಎತ್ತಿಕೊಂಡು ಹೋಗುತ್ತದೆ, ಆದರೂ ಯಾರೂ ನುಡಿಸುವುದನ್ನು ನಿಲ್ಲಿಸುವುದಿಲ್ಲ. ಆ ಚಿತ್ರವನ್ನು ನಾನು ಬಹುವಾಗಿ ಮೆಚ್ಚುತ್ತೇನೆ, ಏಕೆಂದರೆ ಅದು ಓವರ್ಚರಿನ ಮಧ್ಯಭಾಗಗಳಿಗೂ ಕಿವಿಗೊಟ್ಟಿದೆ. 1948ರಲ್ಲಿ ಸ್ಪೈಕ್ ಜೋನ್ಸ್ ತಂಡ ಇದನ್ನು ಕುದುರೆಜೂಜಿನ ವೀಕ್ಷಕ ವಿವರಣೆಯೊಂದಿಗೆ ಹಾಸ್ಯಮಯವಾಗಿ ಧ್ವನಿಮುದ್ರಿಸಿತು. 1971ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ತಮ್ಮ ‘ಎ ಕ್ಲಾಕ್‌ವರ್ಕ್ ಆರೆಂಜ್’ ಚಿತ್ರದಲ್ಲಿ ಇದರ ಎಲೆಕ್ಟ್ರಾನಿಕ್ ರೂಪವನ್ನು ವಿಪರೀತ ವೇಗದಲ್ಲಿ ಓಡಿಸಿದರು. ಅದರಾಚೆಗೆ ಜಾಹೀರಾತು, ಕಾರ್ಟೂನು, ಕ್ರೀಡಾಂಗಣ ಎಂದು ಅದು ಎಲ್ಲಿಗೆಲ್ಲ ಹೋಯಿತೆಂದು ಲೆಕ್ಕವಿಡುವುದು ಕಷ್ಟ. ಕನ್ನಡದ ಮನೆಗಳಿಗೂ ಅದು ಬಂದದ್ದು ಹೀಗೆಯೇ. ಟೆಲಿವಿಷನ್ನಿನ ಕಾರ್ಟೂನು ನೋಡುತ್ತ ಬೆಳೆದ ನನ್ನಂಥವರಿಗೆ ಲೋನ್ ರೇಂಜರ್ ಯಾರೆಂದು ತಿಳಿದಿರಲಿಲ್ಲ, ರೊಸ್ಸೀನಿಯ ಹೆಸರಂತೂ ಮೊದಲೇ ಇಲ್ಲ. ಆದರೂ ಯಾರಾದರೂ ಯಾರನ್ನಾದರೂ ಬೆನ್ನಟ್ಟಿದರೆ ಈ ಸಂಗೀತ ಬರಬೇಕೆಂಬುದು ತಿಳಿದಿತ್ತು. ನಾಯಕ ಮರೆಯಾದ ಮೇಲೂ ಅವನ ಕುದುರೆಯ ಓಟ ಸಂಗೀತದೊಳಗೆ ಉಳಿದುಕೊಂಡಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಶಾಸ್ತ್ರೀಯ ಸಂಗೀತದ ಗಂಭೀರ ಆರಾಧಕರಲ್ಲಿ ಕೆಲವರು ಇದನ್ನು ಅಪಚಾರವೆಂದು ಬಗೆಯುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಜನರಿಗೆ ಹತ್ತಿರವಾಗುವುದರಿಂದ ರೊಸ್ಸೀನಿಯ ಘನತೆಗೆ ಕುಂದು ಬಂದಿಲ್ಲ. ತನ್ನ ಕಾಲದಲ್ಲಿ ಅವನಷ್ಟು ಜನಪ್ರಿಯನಾದ ಸಂಗೀತಗಾರ ಯುರೋಪಿನಲ್ಲಿ ಇನ್ನೊಬ್ಬನಿದ್ದದ್ದು ಸಂದೇಹ. ಅವನ ಮಟ್ಟುಗಳನ್ನು ಬೀದಿಯವರೂ ಗುನುಗುತ್ತಿದ್ದರು. ನನಗೆ ನಿಜವಾಗಿ ನೋವುಂಟುಮಾಡುವುದು ಬೇರೆ: ಸುಮಾರು ಹನ್ನೆರಡು ನಿಮಿಷದ ಕೃತಿಯಲ್ಲಿ ಜಗತ್ತು ನೆನಪಿಟ್ಟುಕೊಂಡದ್ದು ಕೊನೆಯ ಮೂರು ನಿಮಿಷವನ್ನು. ಅದಕ್ಕೆ ಮುಂಚಿನ ಒಂಬತ್ತು ನಿಮಿಷಗಳು ಐರೋಪ್ಯ ಸಂಗೀತದ ಅತ್ಯಂತ ಸುಂದರ ಪುಟಗಳಲ್ಲಿ ಸೇರುತ್ತವೆ.

ಓವರ್ಚರ್ ಆರಂಭವಾಗುವುದು ಐದು ಚೆಲ್ಲೊಗಳಿಂದ, ಅಂದರೆ ಪಿಟೀಲಿನ ಜಾತಿಯ, ಮಂದ್ರ ದನಿಯ ದೊಡ್ಡ ವಾದ್ಯಗಳಿಂದ. ಇಡೀ ವಾದ್ಯವೃಂದ ಕೈಕಟ್ಟಿ ಕುಳಿತಿರುವಾಗ ಒಂದು ಚೆಲ್ಲೊ ಕೆಳಗಿನ ಸ್ವರದಿಂದ ನಿಧಾನವಾಗಿ ಮೇಲೇರುತ್ತದೆ, ಉಳಿದ ನಾಲ್ಕು ಅದಕ್ಕೆ ಉತ್ತರ ಕೊಡುತ್ತವೆ. ಅಬ್ಬರದ ಒಪೆರಾ ಒಂದಕ್ಕೆ ಹೀಗೆ ಐದು ಜನರ ಆಪ್ತ ಸಂಭಾಷಣೆಯಿಂದ ಪೀಠಿಕೆ ಹಾಕುವ ಧೈರ್ಯ ಆಗ ಯಾರಿಗಿತ್ತು? ನಡುವೆ ಎರಡು ಸಲ ನಗಾರಿ ಬಲು ದೂರದಲ್ಲೆಂಬಂತೆ ಗುಡುಗುತ್ತದೆ. ಅದೇ ಸುಳಿವು ಹಿಡಿದು ಎರಡನೆಯ ಭಾಗದಲ್ಲಿ ಬಿರುಗಾಳಿ ಬರುತ್ತದೆ: ಮೊದಲು ಪಿಟೀಲುಗಳ ಗಲಿಬಿಲಿ, ಕೊಳಲಿನ ಗುಂಪಿನಿಂದ ಬಿಡಿ ಹನಿಗಳು, ಆಮೇಲೆ ಟ್ರಾಂಬೋನುಗಳ ಸಮೇತ ಇಡೀ ವೃಂದ. ಮಳೆ ನಿಂತ ಮೇಲೆ ಇಂಗ್ಲಿಷ್ ಹಾರ್ನ್ ಎಂಬ ವಾದ್ಯ, ಆಲ್ಪ್ಸ್ ಬೆಟ್ಟದಲ್ಲಿ ದನ ಕರೆಯಲು ನುಡಿಸುವ ಮಟ್ಟನ್ನು ನುಡಿಸುತ್ತದೆ. ಕೊಳಲು ಅದರ ಸುತ್ತ ಹಕ್ಕಿಯಂತೆ ಸುಳಿಯುತ್ತದೆ. ಕಾರ್ಟೂನುಗಳಲ್ಲಿ ಬೆಳಗಾಯಿತೆಂದು ಸೂಚಿಸಲು ಬಳಸಿ ಬಳಸಿ ಈ ಭಾಗವೂ ಬೇರೊಂದು ಬಗೆಯಲ್ಲಿ ಪರಿಚಿತವಾಗಿದೆ, ಆದರೆ ಇದೂ ಅದೂ ಒಂದೇ ಕೃತಿಯವೆಂದು ತಿಳಿದವರು ಕಡಿಮೆ. ಇದನ್ನು ನಾಲ್ಕು ಭಾಗಗಳ ಒಂದು ಸಿಂಫನಿಯೆಂದೇ, ಅಂದರೆ ವಾದ್ಯವೃಂದಕ್ಕೆ ಬರೆದ ಒಂದು ಪೂರ್ಣ ಕೃತಿಯೆಂದೇ, ಫ್ರಾನ್ಸಿನ ಸಂಗೀತಗಾರ ಬೆರ್ಲಿಯೋಸ್ ಪರಿಗಣಿಸಿದ್ದರು. ಶಾಂತಿ, ಬಿರುಗಾಳಿ, ಮತ್ತೆ ಶಾಂತಿ, ಎಲ್ಲ ಕೇಳಿದ ಮೇಲೆ ತುತ್ತೂರಿಯ ಕರೆ ಕೇಳಿಸಿದಾಗ ಅದರ ಅರ್ಥವೇ ಬೇರೆಯಾಗುತ್ತದೆ. ನೇರವಾಗಿ ತುತ್ತೂರಿಗೇ ಹೋದರೆ ಸಿಗುವುದು ರಭಸ ಮಾತ್ರ.

ಎರಡನೆಯ ನಷ್ಟ ಇನ್ನೂ ಆಳವಾದದ್ದು. ವಿಲಿಯಮ್ ಟೆಲ್ ಒಂಟಿ ನಾಯಕನಲ್ಲ. ಊರಿ ಪ್ರಾಂತ್ಯದ ಆಲ್ಟ್‌ಡಾರ್ಫ್‌ನಲ್ಲಿ ಕಂಬದ ಮೇಲಿಟ್ಟ, ಆಸ್ಟ್ರಿಯದ ಅಧಿಕಾರಿ ಗೆಸ್ಲರನ ಟೋಪಿಗೆ ತಲೆಬಾಗಲು ಒಪ್ಪದೆ, ಶಿಕ್ಷೆಯಾಗಿ ಮಗನ ತಲೆಯ ಮೇಲಿನ ಸೇಬಿಗೆ ಬಾಣ ಬಿಟ್ಟ ಬಿಲ್ಲುಗಾರನ ದಂತಕಥೆ ಎಲ್ಲರಿಗೂ ಗೊತ್ತು. ಆದರೆ ಜರ್ಮನ್ ಕವಿ ಷಿಲ್ಲರ್ 1804ರಲ್ಲಿ ಬರೆದ ನಾಟಕದಲ್ಲಿಯೂ, ಅದನ್ನು ಆಧರಿಸಿದ ರೊಸ್ಸೀನಿಯ ಒಪೆರಾದಲ್ಲಿಯೂ ಕಥೆಯ ಎದೆ ಇರುವುದು ರಾತ್ರಿಯ ವೇಳೆ ಮೂರು ಪ್ರಾಂತ್ಯಗಳ ಜನ ಒಬ್ಬೊಬ್ಬರಾಗಿ ಬಂದು ಸೇರಿ, ಕೈಗೆ ಕೈ ಕೊಟ್ಟು ಪ್ರತಿಜ್ಞೆ ಮಾಡುವ ದೃಶ್ಯದಲ್ಲಿ. ಅಲ್ಲಿ ಮೇಳಗಾನಕ್ಕೇ ಪ್ರಾಧಾನ್ಯ. ಆಳುವವರಿಗೂ ಇದರ ಅಪಾಯ ತಿಳಿದಿತ್ತು. ಆಸ್ಟ್ರಿಯದ ಹಿಡಿತದಲ್ಲಿದ್ದ ಮಿಲಾನಿನಲ್ಲಿ ಇದನ್ನು ಆಡಿದಾಗ ಟೆಲ್‌ನನ್ನು ಸ್ಕಾಟ್ಲೆಂಡಿನ ವೀರ ವಾಲೆಸ್ ಆಗಿ ಬದಲಿಸಬೇಕಾಯಿತು, ಏಕೆಂದರೆ ಆಸ್ಟ್ರಿಯದವರನ್ನು ಓಡಿಸುವ ಕಥೆಯನ್ನು ಅಲ್ಲಿ ರಂಗಕ್ಕೆ ತರುವಂತಿರಲಿಲ್ಲ. ಓವರ್ಚರಿನ ಕೊನೆಯ ಭಾಗವನ್ನು ಸ್ವಿಸ್ ಸೈನಿಕರ ನಡಿಗೆಯೆಂದು ಕರೆಯುವ ರೂಢಿಯಿದೆ. ಅದು ಗುಂಪಿನ ಸಂಗೀತ, ಅನೇಕರು ಏಕಕಾಲಕ್ಕೆ ಎದ್ದುಬರುವ ಸಂಗೀತ. ರೇಡಿಯೊ ಅದನ್ನು ಒಬ್ಬನ ಸಂಗೀತವಾಗಿಸಿತು. ಜನ ತಾವೇ ಎದ್ದು ನಿಂತು ಪಡೆದ ಬಿಡುಗಡೆಯ ಬದಲು, ಹೊರಗಿನಿಂದ ಒಬ್ಬ ಬಂದು ಅನ್ಯಾಯ ಸರಿಪಡಿಸಿ ಹೋಗುತ್ತಾನೆಂಬ ಭರವಸೆ ಅದೇ ತುತ್ತೂರಿಯಿಂದ ಮೊಳಗಿತು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕೈಚೆಲ್ಲಿ ಕುಳಿತ ಊರಿನಲ್ಲಿ ಆ ಭರವಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಬದಲಾವಣೆ ದೊಡ್ಡದು.

ಒಪೆರಾದ ನಿಜವಾದ ಮುಕ್ತಾಯವನ್ನು ಕೇಳಿದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ನಾಗಾಲೋಟವೇ ಇಲ್ಲ. ಬಿರುಗಾಳಿ ತೆರವಾಗಿ ಸರೋವರವೂ ಬೆಟ್ಟಗಳೂ ಕಾಣಿಸತೊಡಗಿದಾಗ, ದನಗಾಹಿಗಳ ಮಟ್ಟೊಂದು ಹಾರ್ಪ್ ವಾದ್ಯದ ಜೊತೆಯಲ್ಲಿ ಎದ್ದು, ಒಂದೊಂದೇ ಕಂಠವನ್ನು ಸೇರಿಸಿಕೊಂಡು, ನಿಧಾನವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ, ಎಲ್ಲರೂ ಸ್ವಾತಂತ್ರ್ಯವನ್ನು ಬಾನಿನಿಂದ ಇಳಿದು ಬಾ ಎಂದು ಕರೆಯುವಲ್ಲಿಗೆ ಮುಟ್ಟುತ್ತದೆ. ಮೂವತ್ತೇಳನೆಯ ವಯಸ್ಸಿನಲ್ಲಿ ಇದನ್ನು ಬರೆದ ರೊಸ್ಸೀನಿ, 1868ರಲ್ಲಿ ಸಾಯುವವರೆಗೆ ಮತ್ತೊಂದು ಒಪೆರಾ ಬರೆಯಲಿಲ್ಲ. ಇಡೀ ಒಪೆರಾ ಬಹಳ ದೀರ್ಘ, ಅದರ ಆರ್ನಾಲ್ಡ್ ಪಾತ್ರದ ತಾರಸ್ಥಾಯಿ ಗಾಯಕರನ್ನು ದಣಿಸಿಹಾಕುವಂಥದ್ದು, ಹಾಗಾಗಿ ಅದನ್ನು ರಂಗದ ಮೇಲೆ ತರುವವರು ಕಡಿಮೆ. ಓವರ್ಚರ್ ಮಾತ್ರ ಲೋಕವೆಲ್ಲ ಸುತ್ತುತ್ತಿದೆ.

ಮತ್ತು ಆ ಒಂಟಿ ಸವಾರ ಒಂಟಿಯೂ ಆಗಿರಲಿಲ್ಲ. ಅವನನ್ನು ಸಾವಿನಿಂದ ಉಳಿಸಿದವನು, ಉಪಚರಿಸಿದವನು, ಪ್ರತಿ ಕಂತಿನಲ್ಲೂ ಅವನಿಗಾಗಿ ಅಪಾಯದ ಊರಿನೊಳಗೆ ಹೋಗಿ ಸುದ್ದಿ ತಂದವನು ಅಮೆರಿಕದ ಮೂಲನಿವಾಸಿ ಟೊಂಟೊ. ರೇಡಿಯೊದಲ್ಲಿ ಆ ದನಿ ಜಾನ್ ಟಾಡ್ ಎಂಬ ಬಿಳಿಯ ನಟರದು. ನಾಯಕನ ಮಾತು ವ್ಯಾಕರಣಶುದ್ಧವಾಗಿರಲೇಬೇಕೆಂದು ನಿಯಮವಿದ್ದ ಅದೇ ಮಾಲೆಯಲ್ಲಿ ಟೊಂಟೊನ ಬಾಯಿಗೆ ಹಾಕಿದ್ದು ಮುರುಕು ಇಂಗ್ಲಿಷನ್ನು. ಟೆಲಿವಿಷನ್ನಿನಲ್ಲಿ ಆ ಮುರುಕು ಮಾತನ್ನೇ ಆಡಬೇಕಾಗಿ ಬಂದವರು ಕೆನಡಾದ ಸಿಕ್ಸ್ ನೇಷನ್ಸ್ ಪ್ರದೇಶದಲ್ಲಿ ಹುಟ್ಟಿದ ಮೊಹಾಕ್ ಜನಾಂಗದ ಸಿಲ್ವರ್‌ಹೀಲ್ಸ್. ಅವರು ಆ ಪಾತ್ರಕ್ಕೆ ತಂದುಕೊಟ್ಟ ಗಾಂಭೀರ್ಯ, ಬರೆದುಕೊಟ್ಟ ಸಂಭಾಷಣೆಯಲ್ಲಿ ಎಲ್ಲಿಯೂ ಇರಲಿಲ್ಲ. ಮುಂದೆ 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೂಲನಿವಾಸಿ ನಟರಿಗಾಗಿ ಅವರು ತರಬೇತಿ ಶಾಲೆ ಕಟ್ಟಿದರು. ತುತ್ತೂರಿ ಮೊಳಗಿದಾಗ ಬಿಳಿ ಕುದುರೆಯೊಂದನ್ನೇ ಕಾಣುವ ನಮ್ಮ ಕಣ್ಣಿಗೆ, ಅದರ ಪಕ್ಕದಲ್ಲೇ ಅಷ್ಟೇ ವೇಗವಾಗಿ ಓಡುತ್ತಿದ್ದ ಟೊಂಟೊನ ಕುದುರೆ ಬೀಳಬೇಕಾಗಿತ್ತು.

1979ರಲ್ಲಿ ಸಿಲ್ವರ್‌ಹೀಲ್ಸ್ ಹೆಸರಿನ ನಕ್ಷತ್ರವನ್ನು ಹಾಲಿವುಡ್ಡಿನ ಖ್ಯಾತರ ಬೀದಿಯಲ್ಲಿ ಅಳವಡಿಸಿದರು. ಮರುವರ್ಷ ಅವರು ತೀರಿಕೊಂಡರು. ಅದೇ 1979ರಲ್ಲಿ ಕ್ಲೇಟನ್ ಮೂರ್ ಸಾರ್ವಜನಿಕ ಸಮಾರಂಭಗಳಲ್ಲಿ ಮುಖವಾಡ ಧರಿಸಬಾರದೆಂದು ನ್ಯಾಯಾಲಯದ ಆದೇಶವಾಯಿತು. ಹೊಸ ಚಲನಚಿತ್ರವೊಂದಕ್ಕೆ ಹೊಸ ನಟನನ್ನು ಸಿದ್ಧಪಡಿಸುತ್ತಿದ್ದ ಹಕ್ಕುದಾರರು ಹಳೆಯ ಮುಖ ಬೇಡವೆಂದು ತಂದ ಆದೇಶ ಅದು. ಅರುವತ್ತು ದಾಟಿದ್ದ ಮೂರ್, ಮುಖವಾಡದ ಆಕಾರಕ್ಕೇ ಹೊಂದುವ ಅಗಲವಾದ ಕಪ್ಪು ಕನ್ನಡಕ ಹಾಕಿಕೊಂಡು ಮಕ್ಕಳನ್ನು ಭೇಟಿಯಾಗುವುದನ್ನು ಮುಂದುವರಿಸಿದರು. 1981ರ ಆ ಚಿತ್ರ ಸೋತಿತು. 1984ರಲ್ಲಿ ಅವರಿಗೆ ಮುಖವಾಡ ಮರಳಿ ಸಿಕ್ಕಿತು.

ಮುಖವಾಡ, ಕುದುರೆಯ ಹೆಸರು, ಆ ಕೂಗು, ಇವೆಲ್ಲ ಹೀಗೆ ಮಾರಾಟವಾಗುವ ಸ್ವತ್ತಾಗಿದ್ದಾಗ ಓವರ್ಚರ್ ಯಾರ ಸ್ವತ್ತೂ ಆಗಿರಲಿಲ್ಲ. ಟ್ರೆಂಡಲ್ ಅದನ್ನು ಪುಕ್ಕಟೆಯಾಗಿ ಪಡೆದದ್ದೂ ಆ ಕಾರಣದಿಂದಲೇ. 1971ರಲ್ಲಿ ಮಾಸ್ಕೊದ ಸಂಗೀತಗಾರ ಷೊಸ್ತಕೊವಿಚ್ ತಮ್ಮ ಹದಿನೈದನೆಯ, ಕೊನೆಯ ಸಿಂಫನಿ ಬರೆಯುವಾಗ ಮೊದಲ ಭಾಗದಲ್ಲಿ ಇದೇ ತುತ್ತೂರಿಯ ತುಣುಕನ್ನು ಮತ್ತೆ ಮತ್ತೆ ತಂದರು. ಆ ಭಾಗವನ್ನು ಅವರು ಆಟಿಕೆಯ ಅಂಗಡಿಗೆ ಹೋಲಿಸಿದ್ದುಂಟು. ಅಲ್ಲಿ ಟೆಕ್ಸಾಸಿನ ಬಯಲೂ ಇಲ್ಲ, ಆಲ್ಪ್ಸ್ ಬೆಟ್ಟವೂ ಇಲ್ಲ. ಕಾಯಿಲೆಯಲ್ಲಿದ್ದ ಮುದುಕರೊಬ್ಬರ ಬಾಲ್ಯ ಇದೆ. 2013ರಲ್ಲಿ ಡಿಸ್ನಿ ಸಂಸ್ಥೆ ಅಪಾರ ಹಣ ಸುರಿದು ಲೋನ್ ರೇಂಜರನನ್ನು ಮತ್ತೆ ತೆರೆಗೆ ತಂದಾಗ ಚಿತ್ರ ನೆಲಕಚ್ಚಿತು, ಆದರೆ ಕೊನೆಯಲ್ಲಿ ಎರಡು ರೈಲುಗಳ ಮೇಲೆ ನಡೆಯುವ ಕಾಳಗಕ್ಕೆ ಹಾನ್ಸ್ ಝಿಮ್ಮರ್ ಈ ಮಟ್ಟನ್ನು ಬಿಡಿಸಿ, ಹಿಗ್ಗಿಸಿ, ಮತ್ತೆ ಹೆಣೆದು ನಡೆಸಿದ ಭಾಗವನ್ನು ಚಿತ್ರವನ್ನು ಒಪ್ಪದವರೂ ಮೆಚ್ಚಿದರು. ಎರಡೂವರೆ ಗಂಟೆಯ ಆ ಚಿತ್ರದಲ್ಲಿ ಕುದುರೆಗೆ ನಿಜವಾಗಿ ಜೀವ ಬಂದದ್ದು ತುತ್ತೂರಿಗಳು ಕರೆ ಕೊಟ್ಟ ಆ ಗಳಿಗೆಯಲ್ಲಿ.